ಎಡನೀರಿನ ಗೇಣಿ ಗದ್ದೆ, ದಿಲ್ಲಿಯ ತಿದ್ದುಪಡಿ

1956ರ ನವೆಂಬರ್ 1ರಂದು ಕನ್ನಡಿಗರಿಗೊಂದು ರಾಜ್ಯ ಸಿಕ್ಕಿತು. ಅದೇ ದಿನ ಕಾಸರಗೋಡಿನ ಕನ್ನಡಿಗರಿಗೆ ಅದು ಕೈತಪ್ಪಿತು. ಅಲ್ಲಿಯವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ತಾಲ್ಲೂಕಾಗಿದ್ದ ಕಾಸರಗೋಡು, ಜಿಲ್ಲೆಯ ಉಳಿದ ಬಹುಭಾಗ ಮೈಸೂರು ರಾಜ್ಯಕ್ಕೆ ಬರುವಾಗ ಕೇರಳಕ್ಕೆ ಹೋಯಿತು. ಮುಂದೆ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಬಡಗು ಭಾಗವನ್ನು ಕರ್ನಾಟಕಕ್ಕೆ ಕೊಡಿ ಎಂದು ಶಿಫಾರಸು ಮಾಡಿದರೂ ಗಡಿ ಅಲುಗಲಿಲ್ಲ.

ಆ ಗಡಿ ಎಳೆಯಲು ಸಂಸತ್ತಿಗೆ ಬೇಕಿದ್ದದ್ದು ಸಾದಾ ಬಹುಮತ. ಎ, ಬಿ, ಸಿ ಎಂಬ ರಾಜ್ಯಗಳ ವರ್ಗೀಕರಣವನ್ನು ಕಿತ್ತುಹಾಕಲು 7ನೇ ತಿದ್ದುಪಡಿ ಬೇಕಾಯಿತು, ನಿಜ. ಆದರೆ ಯಾವ ಊರು ಯಾವ ರಾಜ್ಯಕ್ಕೆ ಎಂದು ತೀರ್ಮಾನಿಸಲು ಒಂದು ಮಾಮೂಲಿ ಕಾಯ್ದೆ ಸಾಕು. ಸಂವಿಧಾನದ 3ನೇ ವಿಧಿಯ ಪ್ರಕಾರ ಸಂಬಂಧಪಟ್ಟ ವಿಧಾನಮಂಡಲದ ಅಭಿಪ್ರಾಯ ಕೇಳಬೇಕು, ಅದು ಒಪ್ಪಲೇಬೇಕೆಂದಿಲ್ಲ. ಅಲ್ಲಿ ವಾಸಿಸುವ ಜನರನ್ನಂತೂ ಯಾರೂ ಕೇಳಬೇಕಿಲ್ಲ. 1973ರಲ್ಲಿ ಮೈಸೂರು ಎಂಬ ಹೆಸರು ಹೋಗಿ ಕರ್ನಾಟಕ ಬಂದದ್ದೂ ಇದೇ ಹಾದಿಯಲ್ಲಿ. ನಕ್ಷೆಯನ್ನು ಬದಲಿಸುವುದು ಇಷ್ಟು ಸಲೀಸಾಗಿಲ್ಲದಿದ್ದರೆ ನಾಲ್ಕೈದು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡನಾಡು ಒಂದಾಗಲು ಇನ್ನೆಷ್ಟು ಕಾಲ ಹಿಡಿಯುತ್ತಿತ್ತೋ. ಇಷ್ಟು ಸಲೀಸಾಗಿದ್ದುದರಿಂದಲೇ ಕಾಸರಗೋಡು ಹೋಯಿತು. ಸಂವಿಧಾನವನ್ನು ತಿದ್ದುವ ಸುಲಭ ದಾರಿಯ ಗುಣ ದೋಷ ಎರಡೂ ನಮ್ಮ ರಾಜ್ಯೋತ್ಸವದ ತಾರೀಕಿನಲ್ಲೇ ಸೇರಿಕೊಂಡಿವೆ.

ಗಡಿ ದಾಟಿದ ಆ ನೆಲದಲ್ಲಿ ಎಡನೀರು ಎಂಬ ಊರಿದೆ, ಅಲ್ಲೊಂದು ಮಠವಿದೆ. ಯಕ್ಷಗಾನ, ಸಂಗೀತ ಎಂದರೆ ಪ್ರಾಣ ಬಿಡುತ್ತಿದ್ದ ಕೇಶವಾನಂದ ಭಾರತೀ ಸ್ವಾಮೀಜಿ 1960ರಲ್ಲಿ ಅದರ ಪೀಠವೇರಿದಾಗ ಅವರಿಗಿನ್ನೂ ಹತ್ತೊಂಬತ್ತು ವರ್ಷ. ಕೇರಳ ಸರ್ಕಾರದ ಭೂಸುಧಾರಣಾ ಕಾಯ್ದೆ ಮಠದ ಜಮೀನಿಗೆ ಕೈಹಾಕಿತು. 1970ರ ಮಾರ್ಚ್‌ನಲ್ಲಿ ಸ್ವಾಮೀಜಿ ಸುಪ್ರೀಂ ಕೋರ್ಟಿಗೆ ಹೋದರು. ಕಾಸರಗೋಡು ಇತ್ತ ಉಳಿದಿದ್ದರೆ ಆ ಅರ್ಜಿಯಲ್ಲಿ ಎದುರುವಾದಿ ಕೇರಳವಾಗುತ್ತಿರಲಿಲ್ಲ. ದೇಶದ ಕಾನೂನು ವಿದ್ಯಾರ್ಥಿಗಳೆಲ್ಲ ಬಾಯಿಪಾಠ ಮಾಡುವ ಮೊಕದ್ದಮೆಯ ಹೆಸರು ಬೇರೆಯೇ ಆಗಿರುತ್ತಿತ್ತು.

ಮಠದ ಗದ್ದೆಯ ವ್ಯಾಜ್ಯ ದಿಲ್ಲಿ ಸೇರುವಷ್ಟರಲ್ಲಿ ಸಂವಿಧಾನದ ವ್ಯಾಜ್ಯವಾಗಿ ಬೆಳೆದಿತ್ತು. ಸಂಸತ್ತು ಸಂವಿಧಾನವನ್ನು ಎಷ್ಟರಮಟ್ಟಿಗೆ ತಿದ್ದಬಹುದು? ಹದಿಮೂರು ನ್ಯಾಯಮೂರ್ತಿಗಳ ಪೀಠ 68 ದಿನ ವಾದ ಆಲಿಸಿ 1973ರ ಏಪ್ರಿಲ್ 24ರಂದು ತೀರ್ಪು ಕೊಟ್ಟಿತು. ಏಳು ಜನ ಒಂದು ಕಡೆ, ಆರು ಜನ ಇನ್ನೊಂದು ಕಡೆ. ಸಂಸತ್ತು ಯಾವ ವಿಧಿಯನ್ನಾದರೂ ತಿದ್ದಬಹುದು, ಆದರೆ ಸಂವಿಧಾನದ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂಬುದು ಏಳು ಜನರ ಮಾತಿನ ಸಾರ. ಸ್ವಾಮೀಜಿಗೆ ಗದ್ದೆ ಮಾತ್ರ ಮರಳಿ ಸಿಗಲಿಲ್ಲ. ಅವರ ಪರ ವಾದಿಸಿದ ನಾನಿ ಪಾಲ್ಖಿವಾಲರನ್ನು ಅವರು ಮುಖತಃ ಕಂಡೂ ಇರಲಿಲ್ಲವಂತೆ. 2020ರ ಸೆಪ್ಟೆಂಬರ್‌ನಲ್ಲಿ ತೀರಿಕೊಳ್ಳುವವರೆಗೂ ಅವರು ತಮ್ಮ ಹೆಸರಿನ ಈ ಖ್ಯಾತಿಯನ್ನು ಹೊತ್ತುಕೊಂಡೇ ತಾಳಮದ್ದಳೆ, ಭಜನೆಗಳ ನಡುವೆ ಬಾಳಿದರು.

ತಿದ್ದಲು ಮೂರು ದಾರಿ

ನಮ್ಮ ಸಂವಿಧಾನವನ್ನು ಬದಲಿಸಲು ಮೂರು ದಾರಿಗಳಿವೆ. ರಾಜ್ಯದ ಗಡಿ, ಹೆಸರು, ವಿಧಾನ ಪರಿಷತ್ತಿನ ಅಳಿವು ಉಳಿವಿನಂಥ ಸಂಗತಿಗಳಿಗೆ ಸಾದಾ ಬಹುಮತ ಸಾಕು. ಉಳಿದ ಬಹುಪಾಲು ವಿಧಿಗಳಿಗೆ 368ನೇ ವಿಧಿಯ ದಾರಿ: ಎರಡೂ ಸದನಗಳಲ್ಲಿ ಬೇರೆ ಬೇರೆಯಾಗಿ ಒಟ್ಟು ಸದಸ್ಯಬಲದ ಅರ್ಧಕ್ಕಿಂತ ಹೆಚ್ಚು, ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು ಮತ ಬೇಕು. ಕೇಂದ್ರ ಮತ್ತು ರಾಜ್ಯಗಳ ಅಧಿಕಾರ ಹಂಚಿಕೆ, ನ್ಯಾಯಾಂಗ, ರಾಷ್ಟ್ರಪತಿ ಚುನಾವಣೆಯಂಥ ವಿಷಯವಾದರೆ ಇದರ ಮೇಲೆ ಅರ್ಧದಷ್ಟು ರಾಜ್ಯಗಳ ವಿಧಾನಮಂಡಲಗಳೂ ಒಪ್ಪಬೇಕು. ಎರಡು ಸದನಗಳ ನಡುವೆ ಜಗಳವಾದರೆ ಜಂಟಿ ಅಧಿವೇಶನ ಕರೆದು ಸಂಖ್ಯಾಬಲದಿಂದ ಮುಗಿಸುವ ಅವಕಾಶ ಇಲ್ಲಿಲ್ಲ. ಜನಮತ ಸಂಗ್ರಹವೂ ಇಲ್ಲ.

ಮಂಗಳೂರಿನಲ್ಲಿ ಹುಟ್ಟಿದ ಬಿ.ಎನ್. ರಾವ್ ಮೊದಲ ಕರಡು ಬರೆದುಕೊಟ್ಟಾಗಲೂ, ಅಂಬೇಡ್ಕರ್ ಅಧ್ಯಕ್ಷತೆಯ ಸಮಿತಿ ಅದನ್ನು ತಿದ್ದಿ ತೀಡಿದಾಗಲೂ ಎದುರಿಗಿದ್ದ ಒಂದು ಪ್ರಶ್ನೆ ಇದು: ಮುಂದಿನ ತಲೆಮಾರಿನ ಕೈಯನ್ನು ಎಷ್ಟು ಕಟ್ಟಬೇಕು? ಅಮೆರಿಕ ಬಿಗಿಯಾಗಿ ಕಟ್ಟಿತು. ಅಲ್ಲಿ ಎರಡು ಶತಮಾನಕ್ಕೂ ಹೆಚ್ಚು ಕಾಲದಲ್ಲಿ ಆದದ್ದು 27 ತಿದ್ದುಪಡಿ, ಕೊನೆಯದು 1992ರದ್ದು. ಜಪಾನಿನ 1947ರ ಸಂವಿಧಾನಕ್ಕೆ ಒಂದಕ್ಷರ ಸೇರಿಲ್ಲ, ಒಂದಕ್ಷರ ಹೋಗಿಲ್ಲ. ನಮ್ಮಲ್ಲಿ 2023ರ ಮಹಿಳಾ ಮೀಸಲಾತಿಗೆ ಬಂದಾಗ ಲೆಕ್ಕ 106 ಮುಟ್ಟಿತು. ಸಂಖ್ಯೆ ನೋಡಿ ಗಾಬರಿಯಾಗಬೇಕಿಲ್ಲ, ಹೆಮ್ಮೆಪಡಬೇಕಾಗಿಯೂ ಇಲ್ಲ. ಒಂದೊಂದು ತಿದ್ದುಪಡಿ ಯಾರ ಸಂಕಟದಿಂದ ಹುಟ್ಟಿತು ಎಂದು ಕೇಳಿದರೆ ಹೆಚ್ಚು ತಿಳಿಯುತ್ತದೆ. ಅಧಿಕಾರದ ಹೊರಗಿದ್ದವರ ಸಂಕಟದಿಂದ ಹುಟ್ಟಿದವು ಸಾಮಾನ್ಯವಾಗಿ ನಿಧಾನವಾಗಿ ಬಂದಿವೆ. ಕುರ್ಚಿಯಲ್ಲಿದ್ದವರ ಸಂಕಟದಿಂದ ಹುಟ್ಟಿದವು ಓಡೋಡಿ ಬಂದಿವೆ. ಈ ಮಾತಿಗೆ ಒಂದು ದೊಡ್ಡ ಅಪವಾದವಿದೆ, ಅದು ಮೊಟ್ಟಮೊದಲ ತಿದ್ದುಪಡಿ.

ಡಿಕ್ಲರೇಶನ್ ಕೊಟ್ಟವರು

ಸಂವಿಧಾನ ಜಾರಿಗೆ ಬಂದು ಹದಿನಾರು ತಿಂಗಳಾಗಿತ್ತಷ್ಟೆ. ಸಾರ್ವತ್ರಿಕ ಚುನಾವಣೆ ಇನ್ನೂ ನಡೆದಿರಲಿಲ್ಲ. ಇದ್ದದ್ದು ಹಂಗಾಮಿ ಸಂಸತ್ತು. ಅಷ್ಟರಲ್ಲಿ ನೆಹರೂ ಕಾಲದ ಸರ್ಕಾರಗಳು ಕೋರ್ಟುಗಳಲ್ಲಿ ಮೂರು ಕಡೆ ಸೋತಿದ್ದವು. ಮದ್ರಾಸಿನ ಕಾಲೇಜು ಸೀಟುಗಳ ಕೋಮುವಾರು ಹಂಚಿಕೆಯನ್ನು ಚಂಪಕಂ ದೊರೈರಾಜನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೊಡೆದುಹಾಕಿತು. ಬಿಹಾರದ ಜಮೀನ್ದಾರಿ ರದ್ದತಿ ಕಾಯ್ದೆ ಪಟ್ನಾ ಹೈಕೋರ್ಟಿನಲ್ಲಿ ಬಿತ್ತು. ಎಡಪಂಥೀಯ ‘ಕ್ರಾಸ್‌ರೋಡ್ಸ್’ ಮತ್ತು ಬಲಪಂಥೀಯ ‘ಆರ್ಗನೈಸರ್’ ಎರಡೂ ಪತ್ರಿಕೆಗಳು ಸರ್ಕಾರದ ನಿರ್ಬಂಧದ ವಿರುದ್ಧ ಗೆದ್ದವು. 1951ರ ಜೂನ್‌ನಲ್ಲಿ ಬಂದ ಮೊದಲ ತಿದ್ದುಪಡಿ ಮೂರಕ್ಕೂ ಒಟ್ಟಿಗೆ ಉತ್ತರ ಕೊಟ್ಟಿತು. ಹಿಂದುಳಿದವರಿಗೆ ವಿಶೇಷ ಅವಕಾಶ ಕೊಡಲು 15(4) ಬಂತು, ಭೂಸುಧಾರಣೆಗೆ ರಕ್ಷಣೆ ಬಂತು, ಅದರ ಜೊತೆಯಲ್ಲೇ ಮಾತಿನ ಸ್ವಾತಂತ್ರ್ಯದ ಮೇಲೆ ಹೊಸ ಕಡಿವಾಣಗಳೂ ಬಂದವು. ಶ್ಯಾಮಪ್ರಸಾದ ಮುಖರ್ಜಿ ಸದನದಲ್ಲಿ ತೀವ್ರವಾಗಿ ವಿರೋಧಿಸಿದರು. ಮೀಸಲಾತಿ ಬೇಕೆಂದವನು ಪತ್ರಿಕೆಗೆ ಹಾಕಿದ ಮೂಗುದಾರವನ್ನೂ ಒಪ್ಪಬೇಕು. ಒಂದೇ ಮಸೂದೆಯಲ್ಲಿ ಬೇಕಾದದ್ದನ್ನೂ ಬೇಡವಾದದ್ದನ್ನೂ ಕಟ್ಟಿಕೊಡುವ ಅಭ್ಯಾಸಕ್ಕೆ ಅಲ್ಲೇ ನಾಂದಿಯಾಯಿತು.

ಅದೇ ತಿದ್ದುಪಡಿ ಒಂಬತ್ತನೇ ಅನುಸೂಚಿ ಎಂಬ ವಿಚಿತ್ರ ವಸ್ತುವನ್ನು ಹುಟ್ಟಿಸಿತು. ಯಾವುದೇ ಕಾಯ್ದೆಯನ್ನು ಈ ಪಟ್ಟಿಗೆ ಸೇರಿಸಿಬಿಟ್ಟರೆ, ಮೂಲಭೂತ ಹಕ್ಕಿಗೆ ವಿರುದ್ಧವಾಗಿದೆ ಎಂದು ಯಾರೂ ಕೋರ್ಟಿನಲ್ಲಿ ಅದನ್ನು ಬೀಳಿಸುವಂತಿಲ್ಲ. ಮೊದಲು ಅಲ್ಲಿದ್ದವು 13 ಭೂ ಕಾಯ್ದೆಗಳು. 1964ರಲ್ಲಿ ನಮ್ಮ ಮೈಸೂರು ಭೂಸುಧಾರಣಾ ಕಾಯ್ದೆಯೂ ಅದರೊಳಗೆ ಸೇರಿತು.

ಇದರ ಬೆಲೆ ಏನೆಂದು ಕರಾವಳಿಯಲ್ಲಿ, ಮಲೆನಾಡಿನಲ್ಲಿ ಕೇಳಬೇಕು. ದೇವರಾಜ ಅರಸರ ಸರ್ಕಾರದ ಭೂಸುಧಾರಣೆಯ ಪ್ರಕಾರ 1974ರ ಮಾರ್ಚ್ 1ಕ್ಕೆ ಗೇಣಿ ಜಮೀನುಗಳೆಲ್ಲ ಸರ್ಕಾರಕ್ಕೆ ಸೇರಿ, ಉಳುತ್ತಿದ್ದವನು ಏಳನೇ ನಂಬರಿನ ಫಾರಂ ತುಂಬಿ ಹಕ್ಕು ಕೇಳಬಹುದಾಯಿತು. ದಕ್ಷಿಣ ಕನ್ನಡದವರು ಅದನ್ನು ಇಂದಿಗೂ ‘ಡಿಕ್ಲರೇಶನ್ ಕೊಟ್ಟದ್ದು’ ಎನ್ನುತ್ತಾರೆ. ಧಣಿಯ ಅಂಗಳದಲ್ಲಿ ಗೇಣಿಯ ಅಕ್ಕಿ ಮುಡಿ ಇಳಿಸಿ ಕೈಕಟ್ಟಿ ನಿಲ್ಲುತ್ತಿದ್ದವನು ಭೂನ್ಯಾಯಮಂಡಳಿಯ ಎದುರು ಅದೇ ಧಣಿಗೆ ಎದುರುವಾದಿಯಾಗಿ ನಿಂತ. ಡಿಕ್ಲರೇಶನ್ ಕೊಡಲು ಹೆದರಿ ಸುಮ್ಮನಾದವರೂ ಇದ್ದರು, ಧಣಿಯ ಮೇಲಿನ ಋಣಭಾವದಿಂದ ಕೊಡದವರೂ ಇದ್ದರು. ಕೊಟ್ಟವರ ಮಕ್ಕಳು ಇಂದು ಮುಂಬಯಿ, ಮಸ್ಕತ್ತಿನಿಂದ ಬಂದು ಆ ಗದ್ದೆಯ ಅಂಚಿನಲ್ಲಿ ತಾರಸಿ ಮನೆ ಕಟ್ಟಿದ್ದಾರೆ. ಇತ್ತ ಸಣ್ಣ ಹಿಡುವಳಿಯ ವಿಧವೆಯರು, ಊರ ದೇವಸ್ಥಾನದ ಉಂಬಳಿಯನ್ನೇ ನಂಬಿದ್ದ ಅರ್ಚಕರು ಕೂಡ ದೊಡ್ಡ ಜಮೀನ್ದಾರರ ಸಾಲಿನಲ್ಲೇ ನಿಂತು ಭೂಮಿ ಕಳೆದುಕೊಂಡರು. ಎಡನೀರಿನ ಸ್ವಾಮೀಜಿಯ ಅಳಲು ಆ ಕಡೆಯದ್ದು. ಹೀಗಿದ್ದರೂ ಒಟ್ಟು ಲೆಕ್ಕದಲ್ಲಿ ಆ ತಿದ್ದುಪಡಿಯ ಪಕ್ಷಕ್ಕೇ ನನ್ನ ಮತ.

ಆದರೆ ಗೇಣಿದಾರನಿಗೆಂದು ತೆರೆದ ಬಾಗಿಲಲ್ಲಿ ಆಮೇಲೆ ನುಗ್ಗಿದವರನ್ನು ನೋಡಿ. ತುರ್ತು ಪರಿಸ್ಥಿತಿಯಲ್ಲಿ, ವಿಚಾರಣೆಯಿಲ್ಲದೆ ಜನರನ್ನು ಜೈಲಿಗೆ ತಳ್ಳುವ ಮೀಸಾ ಕಾಯ್ದೆಯೇ ಒಂಬತ್ತನೇ ಅನುಸೂಚಿ ಸೇರಿತು. ಪತ್ರಿಕೆಗಳ ಬಾಯಿ ಕಟ್ಟುವ ಕಾಯ್ದೆಯೂ ಹಿಂದೆಯೇ ಬಂತು. ಆ ಎರಡನ್ನು ಮುಂದೆ ತೆಗೆದರೂ ಪಟ್ಟಿಯ ಕ್ರಮಸಂಖ್ಯೆ 284ರವರೆಗೆ ಬೆಳೆದಿದೆ. ಒಳ್ಳೆಯ ಕಾರಣಕ್ಕೆ ಮಾಡಿದ ವಿನಾಯಿತಿಗೆ ಕಾರಣ ಕೇಳುವ ಕಾವಲುಗಾರನನ್ನು ಇಟ್ಟಿರಲಿಲ್ಲ. 1973ರ ಏಪ್ರಿಲ್ 24ರ ನಂತರ ಸೇರಿದ ಕಾಯ್ದೆಗಳನ್ನು ಮೂಲ ಸ್ವರೂಪದ ಒರೆಗೆ ಹಚ್ಚಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2007ರಲ್ಲಿ.

ನಾಲ್ಕು ದಿನದ ತಿದ್ದುಪಡಿ

1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟ್ ಇಂದಿರಾ ಗಾಂಧಿಯವರ ಆಯ್ಕೆಯನ್ನು ಅನೂರ್ಜಿತಗೊಳಿಸಿತು. ಸುಪ್ರೀಂ ಕೋರ್ಟಿನಲ್ಲಿ ಮೇಲ್ಮನವಿ ಆಗಸ್ಟ್ 11ಕ್ಕೆ ಬರಬೇಕಿತ್ತು. ಆಗಸ್ಟ್ 7ರಂದು ಲೋಕಸಭೆಯಲ್ಲಿ 39ನೇ ತಿದ್ದುಪಡಿ ಮಂಡನೆಯಾಯಿತು, ಅಂದೇ ಅಂಗೀಕಾರವೂ ಆಯಿತು. 8ರಂದು ರಾಜ್ಯಸಭೆ ಒಪ್ಪಿತು. ಮರುದಿನ ರಾಜ್ಯಗಳ ವಿಧಾನಸಭೆಗಳನ್ನು ತುರ್ತಾಗಿ ಸೇರಿಸಿ ಅನುಮೋದನೆ ಪಡೆಯಲಾಯಿತು. 10ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಪ್ರಧಾನಿಯ ಚುನಾವಣೆಯನ್ನು ಯಾವ ಕೋರ್ಟೂ ಪ್ರಶ್ನಿಸುವಂತಿಲ್ಲ ಎಂಬುದು ಅದರ ತಿರುಳು, ಅದೂ ಪೂರ್ವಾನ್ವಯವಾಗಿ. ಮೂರನೇ ಎರಡು ಬಹುಮತ, ರಾಜ್ಯಗಳ ಅನುಮೋದನೆ ಎಂಬ ಅಡ್ಡಗೋಡೆಗಳೆಲ್ಲ ಎಷ್ಟು ತೆಳುವಾಗಿದ್ದವು ಎಂಬುದು ಆ ನಾಲ್ಕು ದಿನಗಳಲ್ಲಿ ಗೊತ್ತಾಯಿತು. ದಿಲ್ಲಿಯಲ್ಲೂ ರಾಜ್ಯಗಳಲ್ಲೂ ಒಂದೇ ಪಕ್ಷ, ಆ ಪಕ್ಷದಲ್ಲಿ ಒಬ್ಬರೇ ನಾಯಕರು ಇದ್ದರೆ 368ನೇ ವಿಧಿಯ ಷರತ್ತುಗಳು ಹಾಜರಿ ಪುಸ್ತಕದ ಸಹಿಯಷ್ಟೇ.

ತುರ್ತು ಪರಿಸ್ಥಿತಿಯ ಆ ದಿನಗಳಲ್ಲಿ ವಿರೋಧ ಪಕ್ಷಗಳ ಪ್ರಮುಖರು ಜೈಲಿನಲ್ಲಿದ್ದರು. ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಹಿಡಿದದ್ದು ಬೆಂಗಳೂರಿನಲ್ಲೇ. ಅವರು ಇಲ್ಲಿಗೆ ಬಂದಿದ್ದುದು ಪಕ್ಷಾಂತರ ನಿಷೇಧ ಮಸೂದೆಯ ಸಂಸದೀಯ ಸಮಿತಿ ಸಭೆಗೆ. ಸಂವಿಧಾನ ತಿದ್ದುವ ಕೆಲಸಕ್ಕೆ ಬಂದವರನ್ನು ಸೆಂಟ್ರಲ್ ಜೈಲಿಗೆ ಕಳಿಸಿ, ಉಳಿದವರು ದಿಲ್ಲಿಯಲ್ಲಿ ಸಂವಿಧಾನ ತಿದ್ದಿದರು.

1976ರ 42ನೇ ತಿದ್ದುಪಡಿಯಂತೂ ಪೀಠಿಕೆಯಿಂದ ಅನುಸೂಚಿಯವರೆಗೆ ಕೈಯಾಡಿಸಿತು. ಅದನ್ನು ಅಂಗೀಕರಿಸಿದ ಲೋಕಸಭೆಯ ಐದು ವರ್ಷದ ಅವಧಿ ಆ ಮಾರ್ಚ್‌ನಲ್ಲೇ ತೀರಿತ್ತು. ತನ್ನ ಆಯಸ್ಸನ್ನು ತಾನೇ ಹಿಗ್ಗಿಸಿಕೊಂಡ ಸದನವದು. ಲೋಕಸಭೆಯ ಅವಧಿಯನ್ನು ಆರು ವರ್ಷ ಮಾಡಿತು. ಯಾವ ತಿದ್ದುಪಡಿಯನ್ನೂ ಯಾವ ಕೋರ್ಟಿನಲ್ಲೂ ಪ್ರಶ್ನಿಸಕೂಡದು ಎಂದಿತು. ರಾಜ್ಯಗಳ ಪಟ್ಟಿಯಲ್ಲಿದ್ದ ಶಿಕ್ಷಣ, ಅರಣ್ಯಗಳನ್ನು ಸಮವರ್ತಿ ಪಟ್ಟಿಗೆ ಒಯ್ದಿತು. ಇಂದು ನೀಟ್ ಬಗ್ಗೆ ನಮ್ಮ ವಿಧಾನಸೌಧದಲ್ಲಿ ಗೊಣಗಾಟ ಕೇಳಿದಾಗಲೆಲ್ಲ ಆ ಒಂದು ಸಾಲಿನ ನೆನಪಾಗಬೇಕು. ಇದೇ ತಿದ್ದುಪಡಿಯಲ್ಲಿ ಬಡವರಿಗೆ ಉಚಿತ ಕಾನೂನು ನೆರವು ಇದೆ, ಪರಿಸರ ರಕ್ಷಣೆ ಇದೆ, ಮೂಲಭೂತ ಕರ್ತವ್ಯಗಳಿವೆ, ಪೀಠಿಕೆಯ ‘ಸಮಾಜವಾದಿ’, ‘ಜಾತ್ಯತೀತ’ ಪದಗಳಿವೆ. ಕೆಟ್ಟ ಕಾಲದಲ್ಲಿ, ಕೆಟ್ಟ ರೀತಿಯಲ್ಲಿ ಸೇರಿದ ಒಳ್ಳೆಯ ಸಾಲುಗಳನ್ನು ಏನು ಮಾಡಬೇಕು ಎಂಬ ಜಗಳ ಇನ್ನೂ ಮುಗಿದಿಲ್ಲ.

ಕೌಡೂರಿನವರು ಸ್ಪೀಕರ್ ಕುರ್ಚಿಯಲ್ಲಿ

ಕೇಶವಾನಂದ ಪ್ರಕರಣದ ಏಳು ಜನರಲ್ಲಿ ಒಬ್ಬರು ಕಾರ್ಕಳ ತಾಲ್ಲೂಕಿನ ಕೌಡೂರಿನ ಕೆ.ಎಸ್. ಹೆಗ್ಡೆ. ತೀರ್ಪು ಬಂದ ಮರುದಿನವೇ ಅವರನ್ನೂ ಶೆಲಟ್, ಗ್ರೋವರ್ ಅವರನ್ನೂ ಹಿಂದಿಕ್ಕಿ, ಸರ್ಕಾರದ ಪರ ನಿಂತಿದ್ದ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಲಾಯಿತು. ಮೂವರೂ ರಾಜೀನಾಮೆ ಕೊಟ್ಟು ಹೊರನಡೆದರು. ಹೆಗ್ಡೆಯವರು 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಗೆದ್ದು, ಅದೇ ವರ್ಷ ಲೋಕಸಭೆಯ ಸ್ಪೀಕರ್ ಆದರು. ತುರ್ತು ಪರಿಸ್ಥಿತಿಯ ಗಾಯಗಳಿಗೆ ಮದ್ದು ಹಚ್ಚಿದ 44ನೇ ತಿದ್ದುಪಡಿ ಅವರ ಅಧ್ಯಕ್ಷತೆಯ ಸದನದಲ್ಲೇ ಅಂಗೀಕಾರವಾಯಿತು. ನ್ಯಾಯಮೂರ್ತಿಯಾಗಿ ಸಂಸತ್ತಿನ ತಿದ್ದುಪಡಿ ಅಧಿಕಾರಕ್ಕೆ ಎಲ್ಲೆ ಹಾಕಿದವರು ಸ್ಪೀಕರ್ ಆಗಿ ಅದೇ ಅಧಿಕಾರದ ಒಳ್ಳೆಯ ಬಳಕೆಗೆ ಸಾಕ್ಷಿಯಾದರು.

‘ಆಂತರಿಕ ಕ್ಷೋಭೆ’ ಎಂಬ ಸಡಿಲ ನೆಪವನ್ನು ತೆಗೆದು, ಒಳಗಿನ ಕಾರಣದ ತುರ್ತು ಪರಿಸ್ಥಿತಿಗೆ ‘ಸಶಸ್ತ್ರ ದಂಗೆ’ಯಾಗಲೇಬೇಕು ಎಂದದ್ದು, ಸಂಪುಟದ ಲಿಖಿತ ಸಲಹೆ ಬೇಕೆಂದದ್ದು, ಜೀವ ಮತ್ತು ಸ್ವಾತಂತ್ರ್ಯದ ಹಕ್ಕನ್ನು ಯಾವ ಸ್ಥಿತಿಯಲ್ಲೂ ಅಮಾನತಿನಲ್ಲಿಡುವಂತಿಲ್ಲ ಎಂದದ್ದು ಇದೇ ತಿದ್ದುಪಡಿ. ಮೂಲ ಸ್ವರೂಪ ಬದಲಿಸಬೇಕಾದರೆ ಜನಮತ ಪಡೆಯಬೇಕು ಎಂಬ ಅಂಶವೂ ಜನತಾ ಸರ್ಕಾರದ ಮಸೂದೆಯಲ್ಲಿತ್ತು. ಕಾಂಗ್ರೆಸ್ ಬಲವಿದ್ದ ರಾಜ್ಯಸಭೆ ಅದನ್ನು ಕಿತ್ತುಹಾಕಿತು. ನನಗೇನೋ ಆ ಅಂಶ ಹೋದದ್ದೇ ಒಳ್ಳೆಯದಾಯಿತು ಎನಿಸುತ್ತದೆ. ಚಿಲಿ ದೇಶದವರು ಹೊಸ ಸಂವಿಧಾನದ ಕರಡನ್ನು ಜನಮತಕ್ಕಿಟ್ಟು 2022ರಲ್ಲಿ ಒಮ್ಮೆ, 2023ರಲ್ಲಿ ಇನ್ನೊಮ್ಮೆ ತಿರಸ್ಕರಿಸಿದರು. ಮೊದಲನೆಯದು ತೀರಾ ಎಡಕ್ಕೆ ವಾಲಿತ್ತು, ಎರಡನೆಯದು ಬಲಕ್ಕೆ. ಕೊನೆಗೆ ಉಳಿದದ್ದು ಸರ್ವಾಧಿಕಾರಿ ಪಿನೊಶೆ ಕಾಲದ ಹಳೆಯದೇ. ನೂರಾರು ವಿಧಿಗಳ ಮೇಲೆ ಹೌದು ಅಥವಾ ಇಲ್ಲ ಎಂದು ಒಂದೇ ಗುಂಡಿ ಒತ್ತುವಾಗ ಜನ ವಿಧಿಗಳನ್ನು ನೋಡುವುದಿಲ್ಲ, ಅಂದಿನ ಸರ್ಕಾರದ ಮುಖ ನೋಡುತ್ತಾರೆ.

42ನೇ ತಿದ್ದುಪಡಿಯ ಅತಿ ಕೆಟ್ಟ ಭಾಗ, ಕೋರ್ಟಿನ ಬಾಯಿ ಕಟ್ಟಿದ್ದು, 44ರಲ್ಲಿ ಹೋಗಲಿಲ್ಲ. ಅದನ್ನು ತೆಗೆಯಲು ಬೆಂಗಳೂರಿನ ಒಂದು ಬಟ್ಟೆ ಗಿರಣಿ ಬೇಕಾಯಿತು. ರೋಗಗ್ರಸ್ತವೆಂದು ಸರ್ಕಾರ ವಹಿಸಿಕೊಂಡು ರಾಷ್ಟ್ರೀಕರಣ ಮಾಡಿದ ಮಿನರ್ವ ಮಿಲ್ಸ್‌ನ ಮಾಲೀಕರು ಕೋರ್ಟಿಗೆ ಹೋದರು. 1980ರಲ್ಲಿ ಸುಪ್ರೀಂ ಕೋರ್ಟ್, ಮಿತಿಯಿರುವ ಅಧಿಕಾರವನ್ನು ಬಳಸಿ ಮಿತಿಯನ್ನೇ ಅಳಿಸಿಕೊಳ್ಳುವಂತಿಲ್ಲ ಎಂದು ಆ ಭಾಗವನ್ನು ರದ್ದು ಮಾಡಿತು. ಮಠಕ್ಕೆ ಗದ್ದೆ ಸಿಗಲಿಲ್ಲ, ಮಾಲೀಕರಿಗೆ ಗಿರಣಿ ಸಿಗಲಿಲ್ಲ. ಇಬ್ಬರೂ ಆಸ್ತಿವಂತರು, ಇಬ್ಬರೂ ಹೋದದ್ದು ಆಸ್ತಿಗಾಗಿ. ದೇಶಕ್ಕೆ ದಕ್ಕಿದ್ದು ಬೇರೆ.

ಈ ತೀರ್ಪುಗಳನ್ನು ಹೊಗಳುವಾಗ ಒಂದು ಮುಜುಗರವನ್ನು ಮುಚ್ಚಿಡಬಾರದು. ಮೂಲ ಸ್ವರೂಪ ಎಂಬ ಮಾತು ಸಂವಿಧಾನದಲ್ಲಿಲ್ಲ. ಹಿಟ್ಲರನ ಅನುಭವದ ನಂತರ ಜರ್ಮನಿಯವರು ತಮ್ಮ ಮೂಲ ಕಾನೂನಿನಲ್ಲಿ ಇಂತಿಂಥದ್ದನ್ನು ಎಂದೂ ತಿದ್ದಕೂಡದು ಎಂದು ಬರೆದೇ ಇಟ್ಟರು. ನಮ್ಮಲ್ಲಿ ಅದು ವಾದದ ಮೂಲಕ ಬಂತು. ಜರ್ಮನ್ ವಿದ್ವಾಂಸ ಡೀಟ್ರಿಚ್ ಕಾನ್ರಾಡ್ 1965ರಲ್ಲಿ ಬನಾರಸಿನಲ್ಲಿ ಮಾಡಿದ ಉಪನ್ಯಾಸದ ವಿಚಾರವನ್ನು, ಹಿಂದೆ ಮಂಗಳೂರಿನಲ್ಲಿ ವಕೀಲಿ ಮಾಡಿದ್ದ ಎಂ.ಕೆ. ನಂಬಿಯಾರ್ ಗೋಲಕನಾಥ ಮೊಕದ್ದಮೆಯಲ್ಲಿ ಕೋರ್ಟಿನ ಮುಂದಿಟ್ಟರು. ಅದಾಗಿ ಆರು ವರ್ಷದ ಮೇಲೆ ಕೇಶವಾನಂದ ಪ್ರಕರಣದಲ್ಲಿ ಒಬ್ಬ ನ್ಯಾಯಮೂರ್ತಿಯ ಅಂತರದಲ್ಲಿ ಅದು ಗೆದ್ದಿತು. ಮೂಲ ಸ್ವರೂಪದಲ್ಲಿ ಏನೇನಿದೆ ಎಂಬ ಪಟ್ಟಿ ಮಾತ್ರ ಇಂದಿಗೂ ತೆರೆದೇ ಇದೆ. 2014ರಲ್ಲಿ ನ್ಯಾಯಮೂರ್ತಿಗಳ ನೇಮಕಕ್ಕೆ ಆಯೋಗ ರಚಿಸುವ 99ನೇ ತಿದ್ದುಪಡಿಗೆ ಹೆಚ್ಚುಕಡಿಮೆ ಸಂಸತ್ತಿಗೆ ಸಂಸತ್ತೇ ಕೈಯೆತ್ತಿತ್ತು, ಅರ್ಧಕ್ಕಿಂತ ಹೆಚ್ಚು ರಾಜ್ಯಗಳು ಒಪ್ಪಿದ್ದವು. ಮರುವರ್ಷ ಸುಪ್ರೀಂ ಕೋರ್ಟ್ 4–1ರಲ್ಲಿ ಅದನ್ನು ರದ್ದುಮಾಡಿತು. ನ್ಯಾಯಮೂರ್ತಿಗಳನ್ನು ನ್ಯಾಯಮೂರ್ತಿಗಳೇ ಆರಿಸುವ ಪದ್ಧತಿ ಉಳಿಯಿತು. ಕಾವಲುಗಾರನೇ ತನ್ನ ಮನೆಯ ವ್ಯಾಜ್ಯವನ್ನು ತಾನೇ ತೀರ್ಮಾನಿಸಿದಂತೆ ಕಂಡರೆ ತಪ್ಪೇನು? ಹಾಗೆಂದು ಕಾವಲೇ ಬೇಡ ಎನ್ನಲು ಶ್ರೀಲಂಕಾದ ಕಡೆ ನೋಡಿದರೆ ಧೈರ್ಯ ಬರುವುದಿಲ್ಲ. ಅಲ್ಲಿ ಅಧ್ಯಕ್ಷರ ಅಧಿಕಾರವನ್ನು 2010ರ 18ನೇ ತಿದ್ದುಪಡಿ ಹಿಗ್ಗಿಸಿತು, 2015ರ 19ನೇದು ಕುಗ್ಗಿಸಿತು, 2020ರ 20ನೇದು ಮತ್ತೆ ಹಿಗ್ಗಿಸಿತು, 2022ರ 21ನೇದು ಮತ್ತೆ ಕುಗ್ಗಿಸಿತು.

ನೀರ್ ಸಾಬರ ಬೀಜ

ನಿಧಾನವಾಗಿ ಬಂದವುಗಳ ಕಡೆ ಹೊರಳಿದರೆ ಮೊದಲು ಕಾಣುವುದು ಪಂಚಾಯತ್ ರಾಜ್. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ರೂಪಿಸಿದ 1983ರ ಕಾಯ್ದೆ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತುಗಳನ್ನು ತಂದಿತು, ಮಹಿಳೆಯರಿಗೆ ಕಾಲು ಭಾಗ ಮೀಸಲಿಟ್ಟಿತು. 1987ರ ಆರಂಭದಲ್ಲಿ ಚುನಾವಣೆ ನಡೆದು ಹಳ್ಳಿಯ ಹೆಂಗಸರು ಮೊದಲ ಬಾರಿ ದೊಡ್ಡ ಸಂಖ್ಯೆಯಲ್ಲಿ ಸಭೆಯ ಕುರ್ಚಿಯಲ್ಲಿ ಕೂತರು. ಬೋರ್‌ವೆಲ್ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡ ನಜೀರ್ ಸಾಬ್ 1988ರಲ್ಲಿ ತೀರಿಕೊಂಡರು. ಆ ಸಂಸ್ಥೆಗಳ ಅವಧಿ ಮುಗಿದಾಗ ಮುಂದಿನ ಸರ್ಕಾರ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ಕೂರಿಸಿತು. ಬರೀ ರಾಜ್ಯ ಕಾಯ್ದೆಯಾದರೆ ಇಷ್ಟೇ ಗತಿ ಎಂಬ ಪಾಠ ಅಲ್ಲಿತ್ತು.

ಅಷ್ಟರಲ್ಲಿ ರಾಜೀವ್ ಗಾಂಧಿ 1989ರಲ್ಲಿ ತಂದ ಪಂಚಾಯತ್ ತಿದ್ದುಪಡಿ ರಾಜ್ಯಸಭೆಯಲ್ಲಿ ಬಿದ್ದುಹೋಗಿತ್ತು. ರಾಜ್ಯಗಳನ್ನು ಬದಿಗೊತ್ತಿ ದಿಲ್ಲಿ ನೇರ ಹಳ್ಳಿಗೆ ಕೈಹಾಕುತ್ತಿದೆ ಎಂಬ ಅನುಮಾನ ಅದಕ್ಕೆ ಕಾರಣ. ಮೂರು ವರ್ಷದ ನಂತರ ರಾಜ್ಯಗಳಿಗೆ ಹೆಚ್ಚು ಜಾಗ ಬಿಟ್ಟು ಬಂದ 73ನೇ ತಿದ್ದುಪಡಿ ಗೆದ್ದಿತು. ಸೋತದ್ದರಿಂದ ಮಸೂದೆ ಉತ್ತಮವಾಯಿತು. ಐದು ವರ್ಷಕ್ಕೊಮ್ಮೆ ಚುನಾವಣೆ ಕಡ್ಡಾಯ, ಪರಿಶಿಷ್ಟರಿಗೆ, ಮಹಿಳೆಯರಿಗೆ ಮೀಸಲು ಕಡ್ಡಾಯ. ಅದು ಜಾರಿಗೆ ಬಂದದ್ದು 1993ರ ಏಪ್ರಿಲ್ 24ರಂದು. ಕಾಕತಾಳೀಯವೆನ್ನಿ, ಎಡನೀರು ತೀರ್ಪು ಬಂದು ಸರಿಯಾಗಿ ಇಪ್ಪತ್ತು ವರ್ಷಕ್ಕೆ.

ಆದರೆ ಸಂವಿಧಾನದಲ್ಲಿ ಬರೆದದ್ದು ತಾನಾಗಿ ನಡೆಯುತ್ತದೆ ಎಂದುಕೊಂಡವರು ನಮ್ಮ ಕಡೆ ನೋಡಬೇಕು. ಕರ್ನಾಟಕದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ ಎನ್ನುತ್ತಾ ಸರ್ಕಾರಗಳು ಬದಲಾದರೂ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಬೆಂಗಳೂರು ಮಹಾನಗರ ಪಾಲಿಕೆಯ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ಪಾಲಿಕೆಯನ್ನೇ ಐದು ಹೋಳು ಮಾಡಿ ಹೊಸ ಪ್ರಾಧಿಕಾರ ಮಾಡಿದರೇ ಹೊರತು ಅಷ್ಟು ಕಾಲ ಮತಪೆಟ್ಟಿಗೆ ತೆರೆಯಲಿಲ್ಲ. ಪಂಚಾಯತ್ ರಾಜ್‌ನ ತವರು ನಾವು ಎಂದು ಭಾಷಣ ಬಿಗಿಯುವಾಗ ಇದನ್ನೂ ಸೇರಿಸಿ ಹೇಳುವುದು ಮರ್ಯಾದೆ.

ಪಕ್ಷಾಂತರ ನಿಷೇಧದ ಕಥೆ ಇನ್ನೂ ಸ್ವಾರಸ್ಯ. 1985ರ 52ನೇ ತಿದ್ದುಪಡಿ ಪಕ್ಷ ಬಿಟ್ಟವನ ಸದಸ್ಯತ್ವ ಕಿತ್ತಿತು, ಮೂರನೇ ಒಂದರಷ್ಟು ಜನ ಒಟ್ಟಿಗೆ ಬಿಟ್ಟರೆ ಪರವಾಗಿಲ್ಲ ಎಂದಿತು. ಒಬ್ಬೊಬ್ಬರಾಗಿ ಹೋಗುವುದು ನಿಂತು ಹಿಂಡಾಗಿ ಹೋಗುವುದು ಶುರುವಾಯಿತು. 2003ರಲ್ಲಿ ಆ ಕಿಂಡಿ ಮುಚ್ಚಿದರು. ಆಗ ಕರ್ನಾಟಕ ತನ್ನದೇ ಮಾದರಿ ಕಂಡುಹಿಡಿಯಿತು: ರಾಜೀನಾಮೆ ಕೊಡು, ಉಪಚುನಾವಣೆಯಲ್ಲಿ ಹೊಸ ಪಕ್ಷದಿಂದ ಗೆಲ್ಲು, ಮಂತ್ರಿಯಾಗು. 2008ರ ‘ಆಪರೇಷನ್ ಕಮಲ’ದ ಹೆಸರು ದೇಶದ ರಾಜಕೀಯ ಶಬ್ದಕೋಶವನ್ನೇ ಸೇರಿತು. 2019ರಲ್ಲಿ 17 ಶಾಸಕರು ಅನರ್ಹರಾದರು. ಅನರ್ಹತೆಯನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟ್ ಚುನಾವಣೆಗೆ ನಿಲ್ಲಲು ಅಡ್ಡಿ ಮಾಡಲಿಲ್ಲ. 2020ರ ಫೆಬ್ರುವರಿಯಲ್ಲಿ ಅವರಲ್ಲಿ ಹತ್ತು ಮಂದಿ ಮಂತ್ರಿಗಳಾಗಿ ಪ್ರಮಾಣವಚನ ಸ್ವೀಕರಿಸಿದರು. ಮತ ಹಾಕಿ ಅವರನ್ನು ಮತ್ತೆ ಕಳಿಸಿದವರು ನಾವೇ ಆದ್ದರಿಂದ ದೂರು ಕೊಡಲು ಠಾಣೆಯೂ ಇಲ್ಲ.

ತಿದ್ದುಪಡಿಗೆ ಮೈಯೆಲ್ಲ ಕಣ್ಣಾಗಿ ಕಾದವರನ್ನು ನೋಡಬೇಕಾದರೆ ಕಲಬುರಗಿ ಕಡೆ ಹೋಗಬೇಕು. ನಿಜಾಮನ ಒಂದೇ ಆಡಳಿತದಲ್ಲಿ ಬೆಳೆದ ತೆಲಂಗಾಣದ ಕಡೆಯವರಿಗೆ 1973ರ 32ನೇ ತಿದ್ದುಪಡಿಯಲ್ಲೇ 371(ಡಿ) ಬಂದು ನೌಕರಿ, ಶಿಕ್ಷಣದಲ್ಲಿ ಸ್ಥಳೀಯರಿಗೆ ಪಾಲು ಸಿಕ್ಕಿತು. ಬೀದರ, ಕಲಬುರಗಿ, ರಾಯಚೂರಿನ ಕಡೆಯವರಿಗೆ 371(ಜೆ) ಬಂದದ್ದು 2012ರ 98ನೇ ತಿದ್ದುಪಡಿಯಲ್ಲಿ. ನಡುವೆ ವೈಜನಾಥ ಪಾಟೀಲರಂಥವರ ದಶಕಗಳ ಹೋರಾಟ, ಬಂದ್, ನಿಯೋಗ, ನಿರಾಶೆ. ರಾಜ್ಯದ ಅತಿ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಗುಲ್ಬರ್ಗ ವಿಭಾಗದಲ್ಲೇ ಇವೆ ಎಂದು ನಂಜುಂಡಪ್ಪ ಸಮಿತಿ 2002ರಲ್ಲೇ ಲೆಕ್ಕ ಕೊಟ್ಟಿತ್ತು. ತಿದ್ದುಪಡಿಯಿಂದ ಮೆಡಿಕಲ್, ಎಂಜಿನಿಯರಿಂಗ್ ಸೀಟು, ಸರ್ಕಾರಿ ಹುದ್ದೆ ಆ ಭಾಗದ ಮಕ್ಕಳಿಗೆ ಸಿಗತೊಡಗಿದ್ದು ಕಣ್ಣಿಗೆ ಕಾಣುವ ಬದಲಾವಣೆ. ಹುದ್ದೆ ಮೀಸಲಿಟ್ಟರೂ ನೇಮಕಾತಿಯನ್ನೇ ಮಾಡದೆ ಖಾಲಿ ಬಿಡುವುದನ್ನು ಯಾವ ತಿದ್ದುಪಡಿಯೂ ತಡೆಯಲಾರದು ಎಂಬುದು ಅಲ್ಲಿನ ಯುವಕರ ಇಂದಿನ ದೂರು.

ಜಿಎಸ್‌ಟಿಗೂ ಹತ್ತು ವರ್ಷದ ಮಾತುಕತೆ ಹಿಡಿಯಿತು. 2006ರ ಬಜೆಟ್ಟಿನಲ್ಲಿ ಪ್ರಸ್ತಾಪ, 2016ರಲ್ಲಿ ತಿದ್ದುಪಡಿ, 2017ರ ಜುಲೈ 1ಕ್ಕೆ ಜಾರಿ. ಅಷ್ಟು ಚೌಕಾಸಿ ನಡೆದುದರಿಂದಲೇ ಐದು ವರ್ಷದ ನಷ್ಟ ಪರಿಹಾರದ ಭರವಸೆ ರಾಜ್ಯಗಳಿಗೆ ಸಿಕ್ಕಿತು. ಆದರೂ ಜಿಎಸ್‌ಟಿ ಮಂಡಳಿಯಲ್ಲಿ ಮುಕ್ಕಾಲು ಪಾಲು ಮತವಿಲ್ಲದೆ ಯಾವ ನಿರ್ಣಯವೂ ಇಲ್ಲ, ಮೂರನೇ ಒಂದು ಮತ ಕೇಂದ್ರದ ಕೈಯಲ್ಲಿ. ಅಂದರೆ ಕೇಂದ್ರ ಬೇಡವೆಂದರೆ ರಾಜ್ಯಗಳೆಲ್ಲ ಒಂದಾದರೂ ಏನೂ ಆಗದು. ಇದಕ್ಕೆ ಹೋಲಿಸಿದರೆ 2019ರ ಆರ್ಥಿಕ ದುರ್ಬಲರ ಮೀಸಲಾತಿ ಲೋಕಸಭೆಯಲ್ಲಿ ಮಂಡನೆಯಾದ ದಿನವೇ ಅಂಗೀಕಾರವಾಗಿ, ಮರುದಿನ ರಾಜ್ಯಸಭೆ ದಾಟಿತು. ಚುನಾವಣೆ ಹತ್ತಿರವಿತ್ತು. ಎರಡು ದಿನದಲ್ಲಿ ಮುಗಿದ ಚರ್ಚೆಯನ್ನು ಸುಪ್ರೀಂ ಕೋರ್ಟ್ 2022ರಲ್ಲಿ 3–2ರ ತೀರ್ಪಿನಲ್ಲಿ ಮುಂದುವರಿಸಬೇಕಾಯಿತು.

ಇನ್ನೊಂದು ಲೆಕ್ಕ ಬಾಕಿಯಿದೆ, ಅದೂ 42ನೇ ತಿದ್ದುಪಡಿಯಿಂದಲೇ ಬಂದದ್ದು. ಜನಸಂಖ್ಯೆ ಹತೋಟಿಗೆ ತಂದ ರಾಜ್ಯಗಳಿಗೆ ಸೀಟು ಕಡಿತದ ಶಿಕ್ಷೆಯಾಗಬಾರದೆಂದು ಅದು ಲೋಕಸಭಾ ಸ್ಥಾನಗಳ ಹಂಚಿಕೆಯನ್ನು 1971ರ ಜನಗಣತಿಗೆ ಕಟ್ಟಿಹಾಕಿತು. 2001ರ 84ನೇ ತಿದ್ದುಪಡಿ ಆ ತಡೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದುವರಿಸಿತು. ವಿರೋಧಿಗಳನ್ನು ಜೈಲಿಗಟ್ಟಿ ಮಾಡಿದ ತಿದ್ದುಪಡಿಯ ಒಂದು ಸಾಲು ದಕ್ಷಿಣದ ರಾಜ್ಯಗಳಿಗೆ ಇಷ್ಟು ಕಾಲ ಆಸರೆಯಾಗಿದೆ. ಮಹಿಳಾ ಮೀಸಲಾತಿಯ 106ನೇ ತಿದ್ದುಪಡಿಯನ್ನೂ ಜನಗಣತಿ ಮತ್ತು ಕ್ಷೇತ್ರ ಪುನರ್ವಿಂಗಡಣೆಯ ಬಾಲಕ್ಕೇ ಕಟ್ಟಲಾಗಿದೆ. ಒಂದನ್ನು ಬೇಗ ಬೇಕೆನ್ನುವವನು ಇನ್ನೊಂದನ್ನೂ ಬೇಗ ಬೇಕೆನ್ನಬೇಕಾದ ಇಕ್ಕಟ್ಟು. 84ನೇ ತಿದ್ದುಪಡಿ ಬರೆದಿಟ್ಟ ಪ್ರಕಾರ ಸ್ಥಾನಗಳ ತಡೆ ಕೊನೆಗೊಳ್ಳಲು ಯಾರೂ ಏನೂ ಮಾಡಬೇಕಿಲ್ಲ, ಗಡುವು ಬಂದರೆ ತಾನೇ ಬಿದ್ದುಹೋಗುತ್ತದೆ. ಉಳಿಸಿಕೊಳ್ಳಬೇಕೆನ್ನುವವರು ಹೊಸ ತಿದ್ದುಪಡಿ ತರಬೇಕು. ಲೋಕಸಭೆಯ 543ರಲ್ಲಿ ಕರ್ನಾಟಕದ್ದು 28 ಸ್ಥಾನ. ತಮಿಳುನಾಡು, ಆಂಧ್ರ, ತೆಲಂಗಾಣ, ಕೇರಳಗಳನ್ನು ಕೂಡಿದರೆ 129. ಎಲ್ಲರೂ ಹಾಜರಿದ್ದು ಮತ ಹಾಕಿದರೆ ಮೂರನೇ ಎರಡಕ್ಕೆ ಬೇಕಾದದ್ದು 362.